ಅನ್ನೂರಿನ ಆರು ಡೆಸ್ಕ್‌ಟಾಪ್‌ಗಳು

ಹತ್ತಿಯ ಧೂಳು ಕಂಪ್ಯೂಟರನ್ನು ಕೊಲ್ಲುವ ಬಗೆ ಬಹಳ ನಿಧಾನದ್ದು. ಮೊದಲು ಒಳಗಿನ ಫ್ಯಾನಿನ ರೆಕ್ಕೆಗಳಿಗೆ ಬಿಳಿಯ ತುಪ್ಪಳದಂಥದ್ದು ಹತ್ತಿಕೊಳ್ಳುತ್ತದೆ. ಆಮೇಲೆ ಫ್ಯಾನು ಏದುಸಿರು ಬಿಡತೊಡಗುತ್ತದೆ. ಕೊನೆಗೊಂದು ಮಧ್ಯಾಹ್ನ, ಪ್ಯಾಕಿಂಗ್ ಲಿಸ್ಟು ಅರ್ಧ ಟೈಪಾಗಿರುವಾಗ, ಪರದೆ ನೀಲಿಯಾಗಿ ನಿಂತುಬಿಡುತ್ತದೆ. ಎರಡು ಸಾವಿರದ ಏಳು, ಎಂಟರ ಆಸುಪಾಸಿನಲ್ಲಿ ತಿರುಪ್ಪೂರಿನ ಬನಿಯನ್ ರಫ್ತು ಕಂಪನಿಯೊಂದರ ಕಂಪ್ಯೂಟರ್ ವಿಭಾಗ ನನ್ನ ಹೊಣೆಯಲ್ಲಿತ್ತು. ಸತ್ತ ಯಂತ್ರಗಳನ್ನು ಬಿಚ್ಚಿ ಬ್ರಷ್ಷಿನಿಂದ ಉಜ್ಜುವುದೇ ಆ ದಿನಗಳಲ್ಲಿ ನನ್ನ ಮುಖ್ಯ ಕೆಲಸವೆಂಬಂತಾಗಿತ್ತು. ಕಂಪನಿಯ ಮಾಲೀಕರ ಒಬ್ಬನೇ ಅಳಿಯ, ನಾವೆಲ್ಲ ಮರ್ಯಾದೆಗೆ ಅಳಿಯಂದಿರು ಎನ್ನುತ್ತಿದ್ದವರು, ಅದನ್ನು ಕಂಡು ಎಲ್ಲರೆದುರು ‘ಸಾರ್ ಈಗ ಕ್ಷೌರದಂಗಡಿ ಇಟ್ಟಿದಾರೆ’ ಎಂದಿದ್ದರು. ನಕ್ಕವರು ಯಾರು ಯಾರು ಎಂಬುದು ನನಗೆ ಈಗಲೂ ನೆನಪಿದೆ.

ತಿರುಪ್ಪೂರಿನ ಕಚೇರಿಯಲ್ಲದೆ ಅನ್ನೂರಿನಲ್ಲಿ ನಮಗೊಂದು ಗೋದಾಮೂ ಕಸೂತಿ ಯಂತ್ರಗಳ ಶೆಡ್ಡೂ ಇದ್ದವು. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಆರು ಮಂದಿ ಹೆಣ್ಣುಮಕ್ಕಳು ಕುಳಿತು ರಫ್ತಿನ ಕಾಗದಪತ್ರಗಳನ್ನು ಸಿದ್ಧಪಡಿಸುತ್ತಿದ್ದರು. ಯಾವ ಪೆಟ್ಟಿಗೆಯಲ್ಲಿ ಯಾವ ಬಣ್ಣದ, ಯಾವ ಅಳತೆಯ ಎಷ್ಟು ಉಡುಪುಗಳಿವೆಯೆಂಬ ಪ್ಯಾಕಿಂಗ್ ಲಿಸ್ಟು, ಪೆಟ್ಟಿಗೆಗೆ ಅಂಟಿಸುವ ಸ್ಟಿಕ್ಕರು, ಇನ್‌ವಾಯ್ಸು. ಇವು ತಪ್ಪಿದರೆ ಪರದೇಶದ ಗೋದಾಮಿನಲ್ಲಿ ಸರಕು ಬಾಗಿಲಲ್ಲೇ ನಿಲ್ಲುತ್ತಿತ್ತು. ಅವರೆಲ್ಲ ಸುತ್ತಲಿನ ಮಳೆಯಾಶ್ರಿತ ಹೊಲಗಳ ಮನೆಗಳಿಂದ ಬಂದವರು, ಪದವಿ ಓದಿದವರು. ತಿರುಪ್ಪೂರಿಗೆ ಎರಡು ಬಸ್ಸು ಬದಲಿಸಿ ಹೋಗಿ ಕತ್ತಲಾದ ಮೇಲೆ ಮರಳುವ ಕೆಲಸಕ್ಕೆ ಅವರ ಮನೆಗಳಲ್ಲಿ ಒಪ್ಪಿಗೆಯಿರಲಿಲ್ಲ. ಓದಿಗೆ ತಕ್ಕ ಕೆಲಸವೆಂದರೆ ಅವರ ಪಾಲಿಗೆ ಆ ಒಂದು ಕೋಣೆಯೇ.

ಆ ಆರು ಮಂದಿಯಲ್ಲೇ ಒಬ್ಬಳಾದ ಮೇಲ್ವಿಚಾರಕಿ ತಲೆಮಾರುಗಳ ಹಿಂದೆಯೇ ಆ ಸೀಮೆಯಲ್ಲಿ ನೆಲೆಗೊಂಡ ಕನ್ನಡ ಮಾತಿನ ಒಕ್ಕಲು ಮನೆಯ ಹೆಣ್ಣುಮಗಳು. ಕನ್ನಡ ಅಕ್ಷರ ಓದಲು ಬಾರದು. ನಾನು ಮೈಸೂರಿನ ಕಡೆಯವನೆಂದು ತಿಳಿದ ದಿನದಿಂದ ನನ್ನೊಡನೆ ಮಾತ್ರ ಮನೆಮಾತಿನಲ್ಲಿ ಮಾತಾಡುತ್ತಿದ್ದಳು. ನಮ್ಮ ಮಾಲೀಕರ ಮನೆತನವೂ ಅಂಥದೇ. ಅವರನ್ನು ಕೆಲಸಗಾರರೆಲ್ಲ ಮುದಲಾಳಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಆ ವರ್ಷದ ಮೊದಲ ಸಭೆಯಲ್ಲಿ ಅಳಿಯಂದಿರು ಅನ್ನೂರಿನ ಕೋಣೆಯನ್ನು ಮುಚ್ಚಬೇಕೆಂಬ ಮಾತೆತ್ತಿದರು. ಅಲ್ಲಿನ ಕಂಪ್ಯೂಟರುಗಳು ಮೇಲಿಂದ ಮೇಲೆ ಕೆಡುತ್ತವೆ, ರಿಪೇರಿಗೆ ಇಲ್ಲಿಂದ ಆಳು ಹೋಗಬೇಕು, ಪೆನ್‌ಡ್ರೈವಿನ ಮೂಲಕ ವೈರಸ್ಸು ಬರುತ್ತದೆ. ಮೂರೂ ನಿಜವೇ. ಆದರೆ ಮೂರಕ್ಕೂ ಮದ್ದು ಕೋಣೆ ಮುಚ್ಚುವುದಲ್ಲ ಎಂದು ನನಗೆ ತೋರಿತು. ಒಂದು ವಾರದ ಗಡುವು ಕೇಳಿ ಪಡೆದೆ.

ನನ್ನ ಯೋಜನೆ ಹೀಗಿತ್ತು. ತಿರುಪ್ಪೂರಿನ ಕಚೇರಿಯಲ್ಲಿ, ಧೂಳು ನುಗ್ಗದ ಒಂದು ಹವಾನಿಯಂತ್ರಿತ ಕೋಣೆಯಲ್ಲಿ, ದೊಡ್ಡ ಸರ್ವರೊಂದನ್ನು ಕೂರಿಸುವುದು. ಪ್ರತಿಯೊಬ್ಬರ ಡೆಸ್ಕ್‌ಟಾಪೂ ಆ ಸರ್ವರಿನ ಒಳಗೇ ಬೇರೆ ಬೇರೆಯಾಗಿ ಓಡುತ್ತಿರುತ್ತದೆ. ಕೆಲಸಗಾರರ ಮೇಜಿನ ಮೇಲೆ ಉಳಿಯುವುದು ಪರದೆ, ಕೀಲಿಮಣೆ ಮತ್ತು ಫ್ಯಾನಾಗಲಿ ಹಾರ್ಡ್ ಡಿಸ್ಕಾಗಲಿ ಇಲ್ಲದ ಒಂದು ಪುಟ್ಟ ಪೆಟ್ಟಿಗೆ. ಧೂಳಿಗೆ ಅಲ್ಲಿ ಕೊಲ್ಲುವಂಥದ್ದೇನೂ ಇರುವುದಿಲ್ಲ. ವರ್ಚುವಲ್ ಡೆಸ್ಕ್‌ಟಾಪ್ ಎಂಬ ಹೆಸರು ಆಗಷ್ಟೇ ಕೊಯಮತ್ತೂರಿನ ಕಡೆ ಕೇಳಿಬರುತ್ತಿತ್ತು.

ಅನುಕೂಲಗಳನ್ನೂ ಅನನುಕೂಲಗಳನ್ನೂ ನಾನು ಮುಚ್ಚಿಡದೆ ಬರೆದೆ. ಒಂದೇ ಕಡೆ ವೈರಸ್ ಕಾವಲು, ಒಂದೇ ಕಡೆ ಬ್ಯಾಕಪ್ಪು. ಕೆಲಸ ಬಿಟ್ಟು ಹೋಗುವವನು ಗ್ರಾಹಕರ ವಿನ್ಯಾಸಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋಗುವಂತಿಲ್ಲ. ಯಾರ ಡೆಸ್ಕ್‌ಟಾಪನ್ನು ಬೇಕಾದರೂ ಯಾವ ಮೇಜಿನಿಂದ ಬೇಕಾದರೂ ತೆರೆಯಬಹುದು. ಇದೂ ಅನುಕೂಲಗಳ ಸಾಲಿನಲ್ಲೇ ಇತ್ತು. ಇನ್ನೊಂದು ಬದಿಯಲ್ಲಿ, ಅನ್ನೂರಿಗೆ ದತ್ತಾಂಶ ಸಾಗಿಸುವ ಬಾಡಿಗೆಯ ಖಾಸಗಿ ಲೈನೇ ಬೇಕು, ಅದು ಕಡಿದರೆ ಕೆಲಸ ನಿಲ್ಲುತ್ತದೆ. ಕಸೂತಿ ತಂತ್ರಾಂಶಕ್ಕೆ ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ ಬೀಗವೊಂದು ಇರುವುದರಿಂದ ಅದು ಸರ್ವರಿನಲ್ಲಿ ಓಡುವುದಿಲ್ಲ, ಆ ಕೆಲಸಕ್ಕೆ ಅನ್ನೂರಿನಲ್ಲಿ ಒಂದು ಸಾಧಾರಣ ಕಂಪ್ಯೂಟರು ಉಳಿಯಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸರ್ವರು ಒಂದೇ ಆದರೆ ಅದು ನಿಂತ ಕ್ಷಣ ಇಡೀ ಕಂಪನಿ ನಿಲ್ಲುತ್ತದೆ. ಆದುದರಿಂದ ಸರ್ವರುಗಳು ಎರಡಿರಬೇಕು.

ಸಭೆಗೆ ಕೊಯಮತ್ತೂರಿನ ಪೀಳಮೇಡಿನ ಸರಬರಾಜು ಸಂಸ್ಥೆಯ ಯುವ ಎಂಜಿನಿಯರೊಬ್ಬರೂ ಬಂದಿದ್ದರು. ಅಳಿಯಂದಿರು ಅವರನ್ನು ‘ಎಕ್ಸ್‌ಪರ್ಟ್’ ಎಂದೂ ನನ್ನನ್ನು ‘ನಮ್ಮ ಹಳೇ ಸಾರ್’ ಎಂದೂ ಪರಿಚಯಿಸಿದರು. ಎಂಜಿನಿಯರು ಕುಳಿತಲ್ಲಿಂದಲೇ ‘ಹಲೋ ಅಂಕಲ್’ ಎಂದರು. ನನ್ನ ಯೋಜನೆಯ ಪ್ರತಿಯ ಮೇಲೆ ಅಳಿಯಂದಿರು ತಮ್ಮ ಕಾಫಿ ಲೋಟವನ್ನು ಇಟ್ಟರು. ಮಾತಾಡುವಾಗ ನಾನು ಆ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟೆ. ಅವರು ಮತ್ತೆ ಅಲ್ಲಿಯೇ ಇಟ್ಟರು.

“ಎರಡನೇ ಸರ್ವರ್ ಯಾಕೆ?” ಎಂದರು. “ಒಂದು ಓಡತ್ತೆ, ಇನ್ನೊಂದು ಸುಮ್ನೆ ಕೂತಿರತ್ತೆ. ನಮ್ ಕಂಪನಿಲಿ ಸುಮ್ನೆ ಕೂರೋದಕ್ಕೆ ಆಗ್ಲೇ ಆಳಿದಾರಲ್ಲ.”

ಎಂಜಿನಿಯರು, ತಮ್ಮ ಯಂತ್ರ ಕೆಡುವುದೇ ಇಲ್ಲವೆಂದು ಸೇರಿಸಿದರು. ಮುದಲಾಳಿ ನನ್ನ ಮುಖ ನೋಡಿದರು, ಅಳಿಯನ ಮುಖ ನೋಡಿದರು. “ಒಂದ್ರಲ್ಲೇ ಪಾರ್ಪೋಂ ಸಾರ್” ಎಂದರು. ಒಂದರಲ್ಲೇ ನೋಡೋಣ. ಅನ್ನೂರಿನ ಕೋಣೆ ಸದ್ಯಕ್ಕೆ ಉಳಿಯುತ್ತದೆ, ಹೊಸ ವ್ಯವಸ್ಥೆ ವರ್ಷದ ಕೊನೆಯವರೆಗೆ ತೊಡಕಿಲ್ಲದೆ ನಡೆದರೆ ಶಾಶ್ವತವಾಗಿ ಉಳಿಯುತ್ತದೆ ಎಂದು ಅವರೇ ಮಾತು ಕೊಟ್ಟರು. ಆ ಮಾತನ್ನು ನಾನು ಅಂದೇ ಅನ್ನೂರಿಗೆ ಫೋನ್ ಮಾಡಿ ತಿಳಿಸಿದೆ.

ಮೊದಲ ತಿಂಗಳು ಕಷ್ಟದ್ದಾಯಿತು. ಅನ್ನೂರಿನಲ್ಲಿ ಟೈಪು ಮಾಡಿದ ಅಕ್ಷರ ಪರದೆಯ ಮೇಲೆ ತಡವಾಗಿ, ಗುಂಪುಗುಂಪಾಗಿ ಬಂದು ಬೀಳುತ್ತಿತ್ತು. ಬೆರಳು ಚುರುಕಿದ್ದವರಿಗೆ ಅದೊಂದು ಹಿಂಸೆ. ಲೈನಿನಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡು ಒಂದೊಂದೇ ಡೆಸ್ಕ್‌ಟಾಪನ್ನು ಪರೀಕ್ಷಿಸಿದೆ. ಆರರಲ್ಲಿಯೂ ಹಿನ್ನೆಲೆಯಾಗಿ ದೊಡ್ಡ ದೊಡ್ಡ ದೇವರ ಚಿತ್ರಗಳಿದ್ದವು. ಕಿಟಕಿ ಸರಿಸಿದಾಗಲೆಲ್ಲ ಆ ಚಿತ್ರ ತಿರುಪ್ಪೂರಿನಿಂದ ಹೊಸದಾಗಿ ಹೊರಟು ಕಿರಿದಾದ ಲೈನಿನಲ್ಲಿ ತೆವಳಿಕೊಂಡು ಬರಬೇಕಿತ್ತು. ಹಿನ್ನೆಲೆಯನ್ನು ಬರಿಯ ನೀಲಿಯಾಗಿಸಿದೆ, ಬಣ್ಣಗಳ ಸಂಖ್ಯೆಯನ್ನು ಇಳಿಸಿದೆ. ಅಕ್ಷರಗಳು ಬೆರಳಿನ ಹಿಂದೆಯೇ ಬರತೊಡಗಿದವು.

“ಸಾರ್, ಮುರುಗನ್ನ ಕಳಿಸ್ಬುಟ್ರಾ?” ಎಂದು ಮೇಲ್ವಿಚಾರಕಿ ಫೋನಿನಲ್ಲಿ ನಕ್ಕಳು. “ಇಲ್ಲಿ ಎಲ್ರೂ ಕೋಪಿಸ್ಕೊಂಡವ್ರೆ.”

“ಕಾಗದದ ಪಟವನ್ನು ಪರದೆಯ ಚೌಕಟ್ಟಿಗೆ ಅಂಟಿಸಿಕೊಳ್ಳಮ್ಮ. ಅದಕ್ಕೆ ಲೈನು ಬೇಡ.”

“ಆಮಾ, ಹೌದು ಸಾರ್. ಅವನು ಬಸ್ಸಲ್ಲಿ ಬಂದ್ರೂ ಬೇಗ ಬತ್ತಾನೆ.”

ಆಮೇಲೆ ಮುದ್ರಣದ ತೊಡಕು. ಅನ್ನೂರಿನಲ್ಲಿ ಮುದ್ರಿಸಲು ಕಳಿಸಿದ ಸ್ಟಿಕ್ಕರುಗಳು ತಿರುಪ್ಪೂರಿನಲ್ಲಿ, ಲೆಕ್ಕದ ವಿಭಾಗದ ಪ್ರಿಂಟರಿನಿಂದ ಹೊರಬರುತ್ತಿದ್ದವು. ಅಳಿಯಂದಿರು ಅಂಥ ಒಂದು ಹಾಳೆಯನ್ನು ಊಟದ ವೇಳೆಯಲ್ಲಿ ನನ್ನ ಮುಂದೆ ಹಿಡಿದು, “ಸಾರ್, ಅನ್ನೂರಿಂದ ಕಲ್ಯಾಣಪತ್ರಿಕೆ ಬಂದಿದೆ” ಎಂದರು. ಪ್ರಿಂಟರುಗಳನ್ನು ಸ್ಥಳಕ್ಕೆ ತಕ್ಕಂತೆ ಬಿಗಿದು ಕಟ್ಟುವ ಕ್ರಮವನ್ನು ಪೀಳಮೇಡಿನ ಎಂಜಿನಿಯರನ್ನು ಕೇಳಿದೆ. ಅವರು ಮರಳಿ ಫೋನು ಮಾಡಲಿಲ್ಲ. ಕೈಪಿಡಿ ಓದಿ ನಾನೇ ಸರಿಪಡಿಸಿದೆ.

ಅಲ್ಲಿಂದ ಮುಂದೆ ವ್ಯವಸ್ಥೆ ನಾನು ಬಯಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಆಗ ವಿದ್ಯುತ್ ಕಡಿತದ ಕಾಲ. ಅನ್ನೂರಿನಲ್ಲಿ ಕರೆಂಟು ಹೋದರೂ ತಿರುಪ್ಪೂರಿನ ಜನರೇಟರಿನ ಬಲದಲ್ಲಿ ಸರ್ವರು ಓಡುತ್ತಲೇ ಇರುತ್ತಿತ್ತು. ಕರೆಂಟು ಬಂದು ಪರದೆ ಹತ್ತಿದಾಗ ಅರ್ಧ ಬರೆದ ಸಾಲು ಅರ್ಧದಲ್ಲೇ ಕಾದಿರುತ್ತಿತ್ತು. ಹಿಂದೆ ಕರೆಂಟು ಹೋಯಿತೆಂದರೆ ಅವರು ಅಳುತ್ತ ಮೊದಲಿನಿಂದ ಟೈಪು ಮಾಡಬೇಕಿತ್ತು. ಈಗ ಅಂಗಳದ ಮುತ್ತುಗದ ಮರದ ನೆರಳಿನಲ್ಲಿ ನಿಂತು ಗಾಳಿ ಹಾಕಿಕೊಂಡು ಮರಳುತ್ತಿದ್ದರು. ಪ್ರತಿ ಸಂಜೆ ನಾನು ಎಲ್ಲರ ಕಡತಗಳನ್ನು ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿ ಮನೆಗೆ ಒಯ್ಯುತ್ತಿದ್ದೆ. ಬೆಂಕಿ ಬಿದ್ದರೆ ಎರಡೂ ಒಂದೇ ಕಡೆ ಇರಬಾರದೆಂಬುದು ನನ್ನ ನಿಯಮ. ಒಂದೇ ಒಂದು ಕಾಗದವೂ ತಪ್ಪಲಿಲ್ಲ. ನವರಾತ್ರಿಯ ವೇಳೆಗೆ ಅನ್ನೂರಿನ ಕೋಣೆ ಉಳಿಯಿತೆಂದೇ ನಾನು ನಂಬಿದ್ದೆ.

ಇಲ್ಲಿ ಆಯುಧ ಪೂಜೆಯ ಬಗ್ಗೆ ಒಂದು ಮಾತು ಹೇಳಬೇಕು. ಆ ದಿನ ನಮ್ಮ ಕಂಪನಿಯಲ್ಲಿ ನಿಟ್ಟಿಂಗ್ ಯಂತ್ರದಿಂದ ಹಿಡಿದು ಕತ್ತರಿಯವರೆಗೆ ಎಲ್ಲವನ್ನೂ ತೊಳೆದು, ಗಂಧ ಕುಂಕುಮವಿಟ್ಟು ನಿಲ್ಲಿಸುತ್ತಿದ್ದರು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ಆದರೆ ರಫ್ತಿನ ಕೆಲಸಕ್ಕೆ ಪರದೇಶದ ಪಂಚಾಂಗವೇ ಬೇರೆ. ಅದಕ್ಕಾಗಿ ಪ್ರತಿ ವಿಭಾಗದಲ್ಲೂ ಒಂದು ಕಂಪ್ಯೂಟರಿಗೆ ಗಂಧದ ಬೊಟ್ಟು ಇಡದೆ, ಅದರ ಮೇಲೊಂದು ಹಳೆಯ ಬಟ್ಟೆ ಹೊದಿಸಿ, ಬೀರುವಿನ ಮರೆಗೆ ಸರಿಸಿಡುತ್ತಿದ್ದರು. ಪೂಜೆಗಿಡದ ಯಂತ್ರವನ್ನು ಬಳಸಿದರೆ ದೋಷವಿಲ್ಲ. ಈ ಏರ್ಪಾಡನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಎಲ್ಲರಿಗೂ ತಿಳಿದಿತ್ತು. ದೇವಿಗೂ ತಿಳಿದಿದ್ದಿರಬೇಕು.

ಅನ್ನೂರಿನ ಕಸೂತಿಯ ಕಂಪ್ಯೂಟರೊಂದನ್ನು ಬಿಟ್ಟರೆ, ಹೊಸ ವ್ಯವಸ್ಥೆಯಲ್ಲಿ ಬಟ್ಟೆ ಹೊದಿಸಿ ಮರೆಗಿಡಲು ಏನೂ ಉಳಿದಿರಲಿಲ್ಲ. ಎಲ್ಲರ ಕಂಪ್ಯೂಟರೂ ಒಂದೇ ಪೆಟ್ಟಿಗೆಯೊಳಗೆ. ಲೈನು, ಪ್ರಿಂಟರು, ಬಣ್ಣ, ಬೀಗ ಎಲ್ಲವನ್ನೂ ಎಣಿಸಿದ ನಾನು ಇದನ್ನು ಎಣಿಸಿರಲಿಲ್ಲ. ಸರ್ವರುಗಳು ಎರಡಿದ್ದಿದ್ದರೆ ಎಣಿಸುವ ಅಗತ್ಯವೂ ಬೀಳುತ್ತಿರಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಮುದಲಾಳಿಯ ತಾಯಿ ಮಗನನ್ನೂ ಅಳಿಯಂದಿರನ್ನೂ ಕರೆದುಕೊಂಡು ಆರತಿ ತಟ್ಟೆಯೊಂದಿಗೆ ಸರ್ವರಿನ ಕೋಣೆಗೆ ಬಂದರು. ಕೆಲಸಗಾರರು ಅವರನ್ನು ಪೆರಿಯಮ್ಮ ಎನ್ನುತ್ತಿದ್ದರು. ದೊಡ್ಡವರು, ಮರ್ಯಾದೆಯ ಹೆಂಗಸು. ಗಂಧವಿಟ್ಟು, ಸೇವಂತಿಗೆ ಹಾರ ಹಾಕಿ, ಕೈಮುಗಿಯಹೋದವರು ತಡೆದರು.

“ಏನ್ ಸಾರ್ ಇದು? ಇನ್ನೂ ಸದ್ದು ಮಾಡ್ತಾ ಐತೆ?”

“ಇದು ಹಗಲಿರುಳೂ ಓಡಬೇಕಾದದ್ದಮ್ಮ. ಅನ್ನೂರಿನ ಕೆಲಸವೆಲ್ಲ ಇದರೊಳಗೇ ಇದೆ.”

“ನಿಟ್ಟಿಂಗ್ ಮೆಷಿನ್ ನಿಂತೈತೆ, ಕಟಿಂಗ್ ಮೆಷಿನ್ ನಿಂತೈತೆ. ಪಾವಂ, ಇದುಕ್ಕು ಮಾತ್ರ ಓಯ್ವು ಬ್ಯಾಡ್ವಾ? ಉಸ್ರು ಬಿಡ್ತಾ ಇರೋದುಕ್ಕೆ ಹ್ಯಾಗೆ ಪೂಜೆ ಮಾಡೋದು ಹೇಳಿ.”

ಪಾವಂ ಎಂದರೆ ಪಾಪ, ಓಯ್ವು ಎಂದರೆ ವಿಶ್ರಾಂತಿ. ಅವರ ದನಿಯಲ್ಲಿ ಯಂತ್ರದ ಮೇಲೆ ನಿಜವಾದ ಕನಿಕರವಿತ್ತು. ನಾನು ಮುದಲಾಳಿಯತ್ತ ನೋಡಿದೆ. ಅವರು ಹಾರದ ಗಂಟನ್ನು ನೋಡುತ್ತಿದ್ದರು.

“ಅಜ್ಜಿ ಹೇಳಿದ್ಮೇಲೆ ಮುಗೀತು ಸಾರ್” ಎಂದರು ಅಳಿಯಂದಿರು. “ಶಟ್ ಡೌನ್ ಮಾಡಿ. ಒಂದಿನ ನಿಮ್ಗೂ ಓಯ್ವು.”

ಡೆಸ್ಕ್‌ಟಾಪುಗಳನ್ನು ಒಂದೊಂದಾಗಿ, ಕ್ರಮ ತಪ್ಪದೆ ಮುಚ್ಚಿ ಸರ್ವರನ್ನು ಆರಿಸಿದೆ. ಪೆರಿಯಮ್ಮ ಸಮಾಧಾನದಿಂದ ಕರ್ಪೂರ ಬೆಳಗಿದರು, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು. ಅಧಿಕಾರಿಗಳಿಗೆಲ್ಲ ಸಿಹಿಯ ಡಬ್ಬಿ ಹಂಚಿದರು. ನನ್ನ ಕೈಗೆ ಬಂದದ್ದು ಕೆಲಸಗಾರರಿಗೆ ಕೊಡುವ ಕಡಲೆಪುರಿಯ ಪೊಟ್ಟಣ. ಡಬ್ಬಿ ಸಾಲದೆ ಹೋಯಿತೆಂದು ಆಮೇಲೆ ಯಾರೋ ಹೇಳಿದರು.

ಮಧ್ಯಾಹ್ನ ಊಟ ಮುಗಿಸುವಷ್ಟರಲ್ಲಿ ಅನ್ನೂರಿನಿಂದ ಫೋನು.

“ಸಾರ್, ಬಯ್ಯರ್ ಆಫೀಸಿಂದ ಮಾತಾಡಿದ್ರು. ಮಾಲು ಬೇರೆ ಗೋದಾಮಿಗೆ ಹೋಗ್ಬೇಕಂತೆ. ಪೆಟ್ಟಿ ಮೇಲಿರೋ ಕೋಡ್ ಎಲ್ಲಾ ಮಾತ್ತಬೇಕು, ಸ್ಟಿಕ್ಕರ್ ಹೊಸ್ದು, ಪ್ಯಾಕಿಂಗ್ ಲಿಸ್ಟ್ ಹೊಸ್ದು. ಲಾರಿ ಸಾಯಂಕಾಲ ತೂತ್ತುಕ್ಕುಡಿಗೆ ಹೊರಡ್ಲೇಬೇಕು, ಇಲ್ದಿದ್ರೆ ಕಪ್ಪಲ್ ಹೋಗ್ಬುಡತ್ತೆ. ನಾನು ಎಲ್ರನ್ನೂ ಕರೆಸ್ಬುಟ್ಟೆ. ಪರದೆಲಿ ಸಂಪರ್ಕ ಇಲ್ಲ ಅಂತಾನೇ ಬತ್ತಾ ಐತೆ.”

ಮಾತ್ತುವುದೆಂದರೆ ಬದಲಿಸುವುದು, ಕಪ್ಪಲ್ ಎಂದರೆ ಹಡಗು. ನಾನು ಮುದಲಾಳಿಯ ಮನೆಗೆ ಹೋದೆ. ಅವರು ಬಂಧುಗಳನ್ನು ಕಾಣಲು ಹೋಗಿದ್ದರು, ಫೋನು ಎತ್ತಲಿಲ್ಲ. ಒಳಗೆ ಟಿವಿಯಲ್ಲಿ ಕ್ರಿಕೆಟ್ ಓಡುತ್ತಿತ್ತು. ನನ್ನನ್ನು ಜಗಲಿಯಲ್ಲೇ ನಿಲ್ಲಿಸಿದರು. ಪೆರಿಯಮ್ಮ ಬಾಗಿಲಿಗೆ ಬಂದಾಗ, ಸರ್ವರನ್ನು ಯಾಕೆ ಹತ್ತಿಸಬೇಕೆಂಬುದನ್ನು ನಾನು ಮೊದಲಿನಿಂದ ವಿವರಿಸತೊಡಗಿದೆ.

“ನಾಳೆ ಬೆಳಿಗ್ಗೆ ನಲ್ಲ ನೇರಂ, ಒಳ್ಳೆ ಗಳಿಗೆ ಐತೆ, ನಾನೇ ಬಂದು ತೆರೀತೀನಿ” ಎಂದು ಅವರು ನಡುವೆಯೇ ಹೇಳಿದರು. ಒಳಗಿನಿಂದ ಅಳಿಯಂದಿರ ದನಿ ಕೇಳಿಸಿತು: “ಸಾರ್‌ಗೆ ಸರ್ವರ್ ಬಿಟ್ಟು ಒಂದಿನ ಇರಕ್ಕಾಗಲ್ಲ ಅಜ್ಜಿ. ಬನ್ನಿ, ಕಾಪಿ ಆರತ್ತೆ.” ನಾನು ಲಾರಿಯ ಮಾತಿಗೆ ಬರುವಷ್ಟರಲ್ಲಿ ಪೆರಿಯಮ್ಮ ಒಳಗೆ ಹೋಗಿದ್ದರು. ನಾನು ದನಿ ಏರಿಸಿ ಲಾರಿ, ಹಡಗು ಎರಡನ್ನೂ ಹೇಳಿದೆ. ಟಿವಿಯ ದನಿಯೂ ಏರಿತು.

ಹಿಂದಿನ ಸಂಜೆಯ ನಕಲಿದ್ದ ಡಿಸ್ಕು ನನ್ನ ಮನೆಯಲ್ಲಿತ್ತು. ಅನ್ನೂರಿನಲ್ಲಿ ಕಸೂತಿಯ ಸಾಧಾರಣ ಕಂಪ್ಯೂಟರು ಇತ್ತು. ಎರಡನ್ನೂ ಕೂಡಿಸಿದರೆ ಸಾಕು. ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಅವಿನಾಶಿಯ ಬಸ್ಸು ಹತ್ತಿ, ಅಲ್ಲಿಂದ ಅನ್ನೂರಿನ ಟೌನ್ ಬಸ್ಸು ಹಿಡಿದೆ.

ಆರೂ ಮಂದಿ ಹಬ್ಬದ ಸೀರೆಯಲ್ಲೇ ಇದ್ದರು. ಅಂಗಳದಲ್ಲಿ ಲಾರಿ ನಿಂತಿತ್ತು. ಪೂಜೆಗಿಡಲು ಅಲ್ಲಿ ಉಳಿದಿದ್ದ ಕಂಪ್ಯೂಟರೆಂದರೆ ಕಸೂತಿಯದೊಂದೇ, ಅದು ಅರಿಸಿನ ಕುಂಕುಮದಿಂದ ಅಲಂಕೃತವಾಗಿ ಬಾಳೆಯೆಲೆಯ ಮೇಲೆ ಕುಳಿತಿತ್ತು.

“ಸಾರ್, ಇದು ಪೂಜೆಲಿ ಐತೆ” ಎಂದಳು ಮೇಲ್ವಿಚಾರಕಿ.

“ಕಾಣುತ್ತಿದೆಯಮ್ಮ. ಬಲವಂತ ಮಾಡುವ ಹಕ್ಕು ನನಗಿಲ್ಲ. ಬೇರೆ ಯಂತ್ರವಂತೂ ಇಲ್ಲ.”

ಅವಳು ಅಂಗಳದ ಲಾರಿಯತ್ತ ಒಮ್ಮೆ ನೋಡಿದಳು. ಒಬ್ಬಳು ಹಿಂದಿನಿಂದ, ತಮ್ಮ ತಮ್ಮೊಳಗೆ ಆಡುವ ತಮಿಳಿನಲ್ಲಿ, “ಅಕ್ಕಾ, ಸರಸ್ವತಿ ಕೋಪ ಮಾಡ್ಕೊಂಡ್ರೆ?” ಎಂದಳು.

“ಪರೀಕ್ಷೆ ಮುಂದಿರ್ವಾಗ ಪುಸ್ತಕ ಪೂಜೆಗಿಟ್ಟು ಕದ್ದು ಓದ್ಲಿಲ್ವಾ ನಾವು?”

“ಕದ್ದು ಓದಿದ್ದು ನೀನೊಬ್ಳೇ ಅಕ್ಕಾ. ನಾವೆಲ್ಲಾ ಓದೋ ಪುಸ್ತಕಾನೂ ಸೇರ್ಸಿ ಪೂಜೆಗಿಟ್ಬುಟ್ಟು ಸಿನಿಮಾಕ್ಕು ಹೋದ್ವು.”

ಎಲ್ಲರೂ ನಕ್ಕರು. ಮೇಲ್ವಿಚಾರಕಿ ನಗುತ್ತಲೇ ಕರ್ಪೂರ ಹಚ್ಚಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನನ್ನೋ ಬೇಡಿಕೊಂಡಳು. ಆಮೇಲೆ, “ನಾನು ಎತ್ತೀನಿ. ಏನ್ ಬಂದ್ರೂ ನನ್ ಮೇಲೆ” ಎಂದು ಕುಂಕುಮ ಕದಡದಂತೆ ಎರಡೂ ಕೈಯಲ್ಲಿ ಅದನ್ನು ಎಲೆಯಿಂದ ಎತ್ತಿ ಮೇಜಿನ ಮೇಲಿಟ್ಟಳು.

ಸ್ಟಿಕ್ಕರಿನ ಪ್ರಿಂಟರು ಆ ಕಂಪ್ಯೂಟರನ್ನು ಗುರುತಿಸಲಿಲ್ಲ. ಅದಕ್ಕೆ ಬೇಕಾದ ತಂತ್ರಾಂಶ ನನ್ನ ಡಿಸ್ಕಿನಲ್ಲೇ ಒಂದು ಮೂಲೆಯಲ್ಲಿತ್ತು. ಹುಡುಕಿ ಕೂರಿಸುವುದರೊಳಗೆ ಲಾರಿಯ ಚಾಲಕ ಎರಡು ಸಲ ಹಾರನ್ನು ಬಾರಿಸಿದ್ದ. ಅಲ್ಲಿಂದ ಮುಂದೆ ಕೆಲಸ ಹರಿಯಿತು. ಒಬ್ಬಳು ಹೊಸ ಕೋಡನ್ನು ಓದಿದಳು, ಒಬ್ಬಳು ಟೈಪು ಮಾಡಿದಳು, ಉಳಿದವರು ಸೆರಗು ಸಿಕ್ಕಿಸಿಕೊಂಡು ಲಾರಿಯ ಮೇಲೆಯೇ ನಿಂತು ಹಳೆಯ ಸ್ಟಿಕ್ಕರು ಕಿತ್ತು ಹೊಸತನ್ನು ಅಂಟಿಸಿದರು. ಬೆಳಕಿರುವಾಗಲೇ ಲಾರಿ ಹೊರಟಿತು. ಹಡಗು ತಪ್ಪಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಮೇಲ್ವಿಚಾರಕಿ ಹೂವು ಹಣ್ಣು ತೆಗೆದುಕೊಂಡು ತಿರುಪ್ಪೂರಿಗೆ ಬಂದು, ಪೂಜೆಯಿಂದ ಯಂತ್ರವನ್ನು ಎತ್ತಿದ್ದನ್ನು ತಾನಾಗಿಯೇ ಪೆರಿಯಮ್ಮನಿಗೆ ಹೇಳಿದಳು. ನಾನು ಅಲ್ಲಿದ್ದೆ.

“ಕೇಳ್ಬುಟ್ಟು ತಾನೆ ಎತ್ತಿದ್ದು ಕಣ್ಣು? ದೇವಿ ಬೇಜಾರು ಮಾಡ್ಕೊಳಲ್ಲ” ಎಂದು ಪೆರಿಯಮ್ಮ ಅವಳ ಹಣೆಗೆ ಕುಂಕುಮವಿಟ್ಟು, ಕೈಗೆ ರವಿಕೆಯ ಕಣ ಕೊಟ್ಟರು. ನನ್ನ ಕಡೆ ತಿರುಗಿ, “ಲಾರಿ ನಿಂತೈತೆ ಅಂತ ಒಂದು ವಾರ್ತೆ ಮೊದ್ಲೇ ಅಂದಿದ್ರೆ ಸಾವಿ ಕೊಡ್ತಿದ್ನಲ್ಲ ಸಾರ್” ಎಂದರು. ಕಣ್ಣು ಎಂಬುದು ಅಲ್ಲಿಯ ಅಕ್ಕರೆಯ ಕರೆ, ವಾರ್ತೆ ಎಂದರೆ ಮಾತು, ಸಾವಿ ಎಂದರೆ ಕೀಲಿ. ಅವರು ಕೊಡುತ್ತಿದ್ದರೆಂದೇ ನಾನು ನಂಬುತ್ತೇನೆ.

ಅದರ ಮರುವಾರ ಸಭೆ ಸೇರಿತು. ಆರು ಮಂದಿಗೆ ಒಂದು ಮೆಚ್ಚುಗೆಯ ಮಾತಾದರೂ ಬರುತ್ತದೆಂದು ನಾನು ಎದುರು ನೋಡಿದ್ದೆ. ಅಳಿಯಂದಿರು ಮೊದಲು ಮಾತಾಡಿದರು.

“ಅವತ್ತು ನಮ್ಮನ್ನ ಕಾಪಾಡಿದ್ದು ಏನು? ಸಾರ್ ಚೀಲದಲ್ಲಿದ್ದ ಫೈಲು. ಫೈಲ್ ಇಲ್ಲಿಂದ ಹೋಯ್ತು. ಡೆಸ್ಕ್‌ಟಾಪ್ ಇರೋದೂ ಇಲ್ಲೇ. ಅನ್ನೂರಲ್ಲಿ ಇರೋದು ಬರೀ ಕೈ. ಕೈ ಇಲ್ಲೂ ಸಿಗತ್ತೆ. ಆ ಲೈನಿಗೆ ಬಾಡಿಗೆ ಯಾಕೆ ಕಟ್ಟೋದು?”

“ಆ ಕೈಗಳೇ ಕೋಡು ಬದಲಿಸಿದವು, ಆ ಕೈಗಳೇ ಲಾರಿ ಹತ್ತಿದವು” ಎಂದೆ. “ಈ ವರ್ಷ ಅಲ್ಲಿಂದ ಒಂದೂ ತಪ್ಪು ಬಂದಿಲ್ಲ. ಮುದಲಾಳಿ ಮಾತು ಕೊಟ್ಟಿದ್ದರು.”

ಮುದಲಾಳಿ ಮೇಜಿನ ಮೇಲಿದ್ದ ಪೆನ್ನನ್ನು ಹೊರಳಿಸುತ್ತಿದ್ದರು. ಕೊನೆಗೆ ನನ್ನನ್ನು ನೇರವಾಗಿ ಕೇಳಿದರು: “ಸಾರ್, ನಿಜ ಹೇಳಿ. ಆ ಆರು ಡೆಸ್ಕ್‌ಟಾಪೂ ಇಲ್ಲೇ ತೆರಿಯೋಕೆ ಮುಡಿಯುಮಾ? ಇದ್ದುದ್ದು ಇದ್ದಂಗೇ?”

ಮುಡಿಯುಮಾ ಎಂದರೆ ಆಗುತ್ತದೆಯೇ. ಕೋಣೆಯಲ್ಲಿ ಆ ವ್ಯವಸ್ಥೆಯ ಒಳಹೊರಗು ಬಲ್ಲವನು ನಾನೊಬ್ಬನೇ. ಪೀಳಮೇಡಿನ ಎಂಜಿನಿಯರಿಗೆ ಪ್ರಿಂಟರು ಕಟ್ಟಲೂ ಬರುತ್ತಿರಲಿಲ್ಲ. ಆಗುವುದಿಲ್ಲ, ಆರು ತಿಂಗಳು ಬೇಕು, ಕಡತಗಳು ಕೆಡಬಹುದು ಎಂದು ನಾನು ಹೇಳಿದ್ದರೆ ಅಲ್ಲಗಳೆಯುವವರು ಯಾರೂ ಇರಲಿಲ್ಲ. ಯಾರ ಡೆಸ್ಕ್‌ಟಾಪನ್ನು ಬೇಕಾದರೂ ಯಾವ ಮೇಜಿನಿಂದ ಬೇಕಾದರೂ ತೆರೆಯಬಹುದೆಂದು ಬರೆದುಕೊಟ್ಟವನೂ ನಾನೇ.

“ಆಗುತ್ತದೆ” ಎಂದೆ.

ಆ ಉತ್ತರದ ಬಗ್ಗೆ ನಾನು ಅನೇಕ ಸಲ ಯೋಚಿಸಿದ್ದೇನೆ. ಬೇರೆ ಉತ್ತರ ನನ್ನ ಬಾಯಿಯಿಂದ ಬರುತ್ತಿರಲಿಲ್ಲವೆಂಬುದಷ್ಟೇ ನನಗೆ ಖಚಿತ. ಅದು ಸಮಾಧಾನವಲ್ಲ. ಆರು ಮಂದಿಯ ಅನ್ನದ ಮಾತು ನಡೆಯುತ್ತಿದ್ದಾಗ ನನ್ನನ್ನು ಕೇಳಿದ್ದು ಯಂತ್ರದ ಪ್ರಶ್ನೆ, ನಾನು ಕೊಟ್ಟದ್ದು ಯಂತ್ರದ ಉತ್ತರ. ಬೇಕಾದವರು ತಿರುಪ್ಪೂರಿಗೆ ಬಂದು ಕೆಲಸ ಮಾಡಬಹುದೆಂದು ಮುದಲಾಳಿ ಹೇಳಿದರು. ಬರಲಾರರೆಂದು ಅವರಿಗೂ ಗೊತ್ತಿತ್ತು. ಅದೇ ಸಭೆಯಲ್ಲಿ ಎರಡನೆಯ ಸರ್ವರು ಮಂಜೂರಾಯಿತು. ಅನ್ನೂರಿನ ಲೈನಿನ ಬಾಡಿಗೆ ಉಳಿಯುತ್ತದಲ್ಲ, ಅದರಲ್ಲಿ ಕೊಳ್ಳಬಹುದು ಎಂದು ಅಳಿಯಂದಿರೇ ಸೂಚಿಸಿದರು. “ಸಾರ್ ಆಸೆಪಟ್ಟಿದ್ದು ಸಿಕ್ತು” ಎಂದು ನನ್ನ ಬೆನ್ನು ತಟ್ಟಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಮುಟ್ಟದಿದ್ದರೆ ಚೆನ್ನಾಗಿತ್ತು.

ಗುಪ್ತಪದಗಳನ್ನು ಬದಲಿಸಿ ಆರು ಡೆಸ್ಕ್‌ಟಾಪುಗಳನ್ನು ತಿರುಪ್ಪೂರಿನ ಆರು ಮಂದಿಗೆ ಒಪ್ಪಿಸಿದೆ. ಒಂದು ಬೆಳಗಿನ ಕೆಲಸ. ಹೊಸಬರಿಗೆ ಕಡತಗಳ ಹೆಸರುಗಳು ಅರ್ಥವಾಗುತ್ತಿರಲಿಲ್ಲ. ಆ ಹೆಣ್ಣುಮಕ್ಕಳು ಲಾರಿ ಚಾಲಕರ ಹೆಸರಿನಲ್ಲಿ, ತಮ್ಮ ತಮ್ಮ ಸಂಕೇತಗಳಲ್ಲಿ ಕಡತಗಳನ್ನಿಟ್ಟಿದ್ದರು. ಹೊಸಬರು ಕೆಲಸ ಕಳೆದುಕೊಂಡವರ ಮನೆಗೇ ಫೋನು ಮಾಡಿ ವಿವರಣೆ ಕೇಳುತ್ತಿದ್ದರು, ಅವರು ಬೇಸರಿಸದೆ ಹೇಳಿಕೊಡುತ್ತಿದ್ದರು. ಹೀಗೆ ಕೇಳುವುದು ನಾಚಿಕೆಗೇಡೆಂದು ನಾನು ಮುದಲಾಳಿಗೆ ಹೇಳಿದೆ. “ನಮ್ಮ ಮನೆ ಪುಳ್ಳೆಂಗಳು ತಾನೆ ಸಾರ್, ತಪ್ಪೇನು?” ಎಂದರು. ಮನೆಯ ಮಕ್ಕಳಂತೆ.

ಅನ್ನೂರಿನ ಪೆಟ್ಟಿಗೆಗಳನ್ನು ಬಿಚ್ಚಿ ತರುವ ಕೆಲಸಕ್ಕೆ ಬೇರೆಯವರನ್ನು ಕಳಿಸುತ್ತೇನೆಂದರು. ನಾನೇ ಹೋದೆ.

ಮೇಲ್ವಿಚಾರಕಿಯೊಬ್ಬಳೇ ಇದ್ದಳು. ಕೋಣೆಯನ್ನು ಗುಡಿಸಿ, ಪರದೆಗಳನ್ನು ಒರೆಸಿ, ಚೌಕಟ್ಟಿನಲ್ಲಿದ್ದ ಪಟಗಳನ್ನು ಜೋಪಾನವಾಗಿ ಬಿಡಿಸಿ ಇಟ್ಟಿದ್ದಳು. ಪರದೆ ಕೀಲಿಮಣೆಗಳನ್ನು ಗೋದಾಮಿಗೇ ಒಪ್ಪಿಸುವಂತೆ ಆದೇಶವಿತ್ತು. ನಾನು ಒಯ್ಯಬೇಕಾದದ್ದು ಪೆಟ್ಟಿಗೆಗಳನ್ನು ಮಾತ್ರ. ತಂತಿ ಸುತ್ತಿ ಒಂದೊಂದಾಗಿ ಬಟ್ಟೆಯ ಚೀಲಕ್ಕೆ ಹಾಕಿದೆ. ಆರೂ ಒಂದೇ ಚೀಲದಲ್ಲಿ ಹಿಡಿದವು.

ಅವಳು ಚೀಲವನ್ನು ಒಂದು ಸಲ ಎತ್ತಿ ನೋಡಿದಳು.

“ಮೊದ್ಲಿನ ಕಂಪ್ಯೂಟರ್ ಆಗಿದ್ರೆ ಟೆಂಪೋ ಬೇಕಿತ್ತು ಸಾರ್. ಟೆಂಪೋ ಸಿಕ್ಕೋಕೆ ಎರಡು ಮೂರು ದಿನ ಆಗೋದು.” ಚೀಲವನ್ನು ಕೆಳಗಿಟ್ಟಳು. “ಅಷ್ಟು ದಿನ ಆದ್ರೂ ಬಂದು ಕೂತಿರ್ತಿದ್ವಿ.”

ನಾನು ಚೀಲದ ಬಾಯಿ ಕಟ್ಟಿದೆ. ಅವಳು ಬಸ್ ನಿಲ್ದಾಣದವರೆಗೆ ಬಂದಳು. ಚೀಲವನ್ನು ತಾನೇ ಹಿಡಿದುಕೊಂಡಿದ್ದು, ನಾನು ಬಸ್ಸು ಹತ್ತಿ ಕುಳಿತ ಮೇಲೆ ಕಿಟಕಿಯಿಂದ ಒಳಕ್ಕೆ ಕೊಟ್ಟಳು. “ಪೋಯಿಟ್ಟು ವಾಂಗ ಸಾರ್” ಎಂದಳು, ಹೋಗಿಬನ್ನಿ ಎಂದು. ಅಂದು ಅವಳು ನನ್ನೊಡನೆ ಆಡಿದ ಕೊನೆಯ ಮಾತು ತಮಿಳಿನಲ್ಲಿತ್ತು.

ಕಂಡಕ್ಟರು ಬಂದಾಗ ಅವಿನಾಶಿಗೆಂದು ಹೇಳಿ, ಲಗೇಜಿಗೂ ಒಂದು ಟಿಕೆಟ್ಟು ಕೊಡಿ ಎಂದೆ. ಅವರು ಚೀಲವನ್ನು ನೋಡಿ ನಕ್ಕರು.

“ಇದುಕ್ಕೆಲ್ಲಾ ಟಿಕೆಟ್ ಇಲ್ಲ ಅಯ್ಯಾ. ಮಡಿಲಲ್ಲಿ ವೆಚ್ಚುಕ್ಕೋಂಗ.”

ಮಡಿಲಲ್ಲಿಟ್ಟುಕೊಂಡೆ.